ಸಂಪಾಜೆ ಘಾಟಿಯ ಪಟಾಕಿ: ಎಸ್‌ಎಐ ಮುಚ್ಚಿದ್ದು, ಕಿತ್ತಿದ್ದು, ಉಳಿಸಿಕೊಂಡಿದ್ದು

ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವಾಗ ನಾನು ಬ್ರೇಕಿಗಿಂತ ಗೇರನ್ನೇ ನಂಬುವವನು. ಹೋದ ವರ್ಷ ಮಳೆಗಾಲ ಕಳೆದ ಮೇಲೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರಿನಲ್ಲಿ ಪಟಪಟ ಸದ್ದು ಶುರುವಾಯಿತು. ತೋಟಕ್ಕೆ ಬಂದ ಆನೆ ಓಡಿಸಲು ಪಟಾಕಿ ಸಿಡಿಸುವ ಊರು ನಮ್ಮದು. ದಾರಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು.

ಗಾಡಿ 2014ರ 350 ಸಿಸಿ ಬೈಕು, ಕಾರ್ಬುರೇಟರಿನದು. ಕೇಳಿದವರದ್ದೆಲ್ಲ ಒಂದೇ ಮಾತು: “ಆ ಎಸ್‌ಎಐ ತೆಗೆಸಿಬಿಡಿ ಮಾರಾಯ್ರೆ, ಪಿಕಪ್ಪೂ ಬರ್ತದೆ.”

ಪಿಕಪ್ ಎಲ್ಲಿಂದ ಬರಬೇಕು? ಎಸ್‌ಎಐ ಅಂದರೆ ಸೆಕೆಂಡರಿ ಏರ್ ಇಂಜೆಕ್ಷನ್, ಹೊಗೆಗೆ ಗಾಳಿ ಬೆರೆಸುವ ವ್ಯವಸ್ಥೆ. ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ದಪ್ಪ ಪೈಪು ಒಂದು ವಾಲ್ವ್ ದಾಟಿ ಎಕ್ಸಾಸ್ಟ್ ಬಾಯಿಗೆ ಸೇರುತ್ತದೆ. ಹೊಗೆಯ ಎರಡು ಅಲೆಗಳ ನಡುವೆ ಒತ್ತಡ ತಗ್ಗಿದಾಗ ಗಾಳಿ ತಾನಾಗಿ ಒಳಗೆ ಎಳೆಯಲ್ಪಟ್ಟು, ಅರೆಬೆಂದ ಪೆಟ್ರೋಲನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಅಲ್ಲೇ ಸುಡುತ್ತದೆ. ಪಿಸ್ಟನ್ನಿನ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಆದರೂ ನೋಡಿಯೇ ಬಿಡೋಣ ಅಂತ ಹೊರಟೆ.

ಮೊದಲು ದಪ್ಪ ಪೈಪಿನೊಳಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಬಿಗಿದೆ. ಹತ್ತು ನಿಮಿಷದ ಕೆಲಸ. ಸದ್ದು ಬಹುಪಾಲು ನಿಂತಿತು. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅಂಗಳವೆಲ್ಲ ಪೆಟ್ರೋಲ್ ವಾಸನೆ. ಸಾವಿರ ಮೀಟರಿಗೂ ಎತ್ತರದ ಊರು, ಗಾಳಿ ತೆಳು; ಕಾರ್ಬುರೇಟರ್ ಇಲ್ಲಿ ಹೇಗಿದ್ದರೂ ಪೆಟ್ರೋಲನ್ನು ಒಂದು ಕೈ ಹೆಚ್ಚೇ ಬಡಿಸುತ್ತದೆ. ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 2.9 ಬಂತು. ನನ್ನ ಗಾಡಿಗೆ ಮಿತಿ 3.5, ಪಾಸಾಯಿತು, ಅಂಚಿನಲ್ಲಿ.

ಆಮೇಲೆ ಪೂರ್ತಿ ಕಿತ್ತೆ. ಹೆಡ್ಡಿನ ಮೇಲೆ ಪ್ಲೇಟು, ಗ್ಯಾಸ್ಕೆಟ್, ಇನ್‌ಟೇಕಿನ ಸಣ್ಣ ನಳಿಗೆಗೆ ರಬ್ಬರ್ ಮುಚ್ಚಳ. ನೋಡಲು ಎಂಜಿನ್ ಚೊಕ್ಕ, ಪ್ಲಗ್ ಬಿಚ್ಚಲು ಸಲೀಸು. ಅಷ್ಟೇ ಲಾಭ. ಕೊಯನಾಡು ಹತ್ತಿರ ಆ ಮುಚ್ಚಳ ಹಾರಿಹೋಗಿ, ಐಡ್ಲಿಂಗ್ ಏರುತ್ತಾ ಇಳಿಯುತ್ತಾ ಗಾಡಿ ಆಫ್. ಜಿಟಿಜಿಟಿ ಮಳೆ ಬೇರೆ. ಹಳೇ ಟ್ಯೂಬಿನ ತುಂಡು ಕಟ್ಟಿ ಮನೆ ಸೇರಿದೆ. ಪಿಕಪ್ ಇದ್ದಷ್ಟೇ, ಮೈಲೇಜೂ ಇದ್ದಷ್ಟೇ.

ಎಲ್ಲ ಮರಳಿ ಕೂರಿಸುವಾಗ ಕಂಡದ್ದು ಇನ್‌ಟೇಕಿನಿಂದ ವಾಲ್ವಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಹೋಸಿನ ಬಾಯಲ್ಲಿ ಬಿರುಕು. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿನ ಎಳೆತ ಈ ಹೋಸಿನ ಮೂಲಕ ವಾಲ್ವನ್ನು ಮುಚ್ಚಬೇಕು. ಬಿರುಕಿನಿಂದ ಎಳೆತ ಸೋರಿ ವಾಲ್ವ್ ತೆರೆದೇ ಉಳಿಯುತ್ತಿತ್ತು. ಸುಡದ ಪೆಟ್ರೋಲಿಗೆ ಗಾಳಿ ಸಿಕ್ಕಿ ಎಕ್ಸಾಸ್ಟಿನ ಬೆಂಡ್ ಪೈಪಿನಲ್ಲೇ ಸಿಡಿಯುತ್ತಿತ್ತು. ಹೊಸ ಹೋಸಿಗೆ ಅರವತ್ತು ರೂಪಾಯಿ. ಸದ್ದು ಹೋಯಿತು, ತಪಾಸಣೆಯಲ್ಲಿ 1.4 ಬಂತು. ಮೊದಲೇ ಇದನ್ನು ನೋಡಿದ್ದರೆ ಎರಡು ಭಾನುವಾರ ಉಳಿಯುತ್ತಿತ್ತು.

ಕಾರ್ಬುರೇಟರ್ ಗಾಡಿಗೆ ಬೋಲ್ಟ್ ಹಾಕುವುದು ದೋಷ ಎಲ್ಲಿದೆ ಎಂದು ಹುಡುಕಲು ಒಳ್ಳೆಯ ಉಪಾಯ, ಹಾಗೇ ಬಿಡಲು ಅಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಿಗೆ ಕೈ ಹಾಕುವುದೇ ಬೇಡ: ವಾಲ್ವಿನ ವೈರ್ ತೆಗೆದರೆ ಎಂಜಿನ್ ಲೈಟ್ ಹತ್ತುವ ಗಾಡಿಗಳಿವೆ.

ನನ್ನಂಥ ಗಾಡಿ ಇರುವವರು ವಾಲ್ವ್ ಬಿಚ್ಚಿ ದಪ್ಪ ಪೈಪಿನ ಕಡೆಯಿಂದ ಊದಿ ನೋಡಿ; ಗಾಳಿ ದಾಟಬೇಕು. ಸಣ್ಣ ಹೋಸನ್ನು ಬಾಯಲ್ಲಿ ಜೋರಾಗಿ ಎಳೆದು ಹಿಡಿದು, ಇನ್ನೊಬ್ಬರಿಂದ ಊದಿಸಿದರೆ ದಾಟಬಾರದು. ದಾಟಿದರೆ ಮೊದಲು ಹೋಸ್ ನೋಡಿ, ಆಮೇಲೆ ವಾಲ್ವ್.