ಎರಡು ವರ್ಷ ಚಂದಾ ಕಟ್ಟಿದ ಮೇಲೆ: ಸಿನಿಮಾ ಜಾಲತಾಣವೊಂದರ ವಿಮರ್ಶೆ

ಮೈಸೂರಿನ ಶಾಂತಲಾ ಚಿತ್ರಮಂದಿರ 2020ರಲ್ಲಿ ಬಾಗಿಲು ಮುಚ್ಚಿದ ಮೇಲೆ ನಮ್ಮ ಮನೆಯವರ ಭಾನುವಾರದ ಸಿನಿಮಾ ನಡುಮನೆಯ ಟಿವಿಗೆ ಬಂದು ಕೂತಿತು. ಹಳೆಯ ಕನ್ನಡ ಚಿತ್ರಗಳೇ ಹೆಚ್ಚಾಗಿರುವ, ಅಷ್ಟೇನೂ ಹೆಸರು ಮಾಡದ ಒಂದು ಜಾಲತಾಣಕ್ಕೆ ನಾನು ಎರಡು ವರ್ಷದಿಂದ ಚಂದಾದಾರ. ಅದರ ಮೇಲೆ ನನ್ನದೊಂದು ದೂರೂ ಇರುವುದರಿಂದ ಹೆಸರು ಬರೆಯುತ್ತಿಲ್ಲ.

ದುಡ್ಡು ಕಟ್ಟುವ ಮೊದಲು ನಾನು ನೋಡಿದ್ದು ಪುಟದ ಬುಡವನ್ನು. ಅಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು, ಇಮೇಲ್, ಅಂಚೆ ವಿಳಾಸ ಇದ್ದವು. ಪ್ರತಿ ಚಿತ್ರದ ಪಕ್ಕದಲ್ಲಿ ಯು, ಯು/ಎ 13+, ಎ ಎಂಬ ವಯೋಮಿತಿಯ ಗುರುತಿತ್ತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಒಟಿಟಿ ಸಂಸ್ಥೆಗಳಿಂದ ಕೇಳುವುದು ಇವುಗಳನ್ನೇ. ಬ್ರೌಸರ್‌ನಲ್ಲಿ ಜಾಲತಾಣದ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರವನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಏಕೆಂದರೆ ನಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು ಎಂದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವನು ಸಾಚಾನೋ ಕಳ್ಳನೋ ಎಂಬುದನ್ನು ಬೀಗ ಹೇಳುವುದಿಲ್ಲ.

ಪುಟದ ಬುಡದಲ್ಲಿ ಹೆಸರು, ವಿಳಾಸ ಇರುವುದರ ಬೆಲೆ ನನಗೆ ಅರ್ಥವಾದದ್ದು ಮಂಡ್ಯದ ನನ್ನ ಭಾವಮೈದ ವಾಟ್ಸ್ಆ್ಯಪ್‌ನಲ್ಲಿ ಬಂದ ಕೊಂಡಿಯೊಂದನ್ನು ತೆರೆದು ತೋರಿಸಿದ ದಿನ. ಆ ವಾರವಷ್ಟೇ ಚಿತ್ರಮಂದಿರಕ್ಕೆ ಬಂದಿದ್ದ ಚಿತ್ರ ಅಲ್ಲಿ ಪುಕ್ಕಟೆಯಾಗಿತ್ತು. ಪ್ಲೇ ಗುಂಡಿ ಒತ್ತಿದರೆ ಮೊದಲು ನೋಟಿಫಿಕೇಶನ್‌ಗೆ ಅನುಮತಿ, ಆಮೇಲೆ 'ಪ್ಲೇಯರ್' ಎಂಬ ಎಪಿಕೆ (ಫೋನಿಗೆ ಆ್ಯಪ್ ಹಾಕುವ) ಕಡತ ಇಳಿಸಿಕೊಳ್ಳಿ ಎಂಬ ಸೂಚನೆ, ಕೊನೆಗೆ ವಯಸ್ಸು ದೃಢೀಕರಿಸಲು ಒಂದು ರೂಪಾಯಿ. "ಒಂದ್ರುಪಾಯಿ ತಾನೇ ಭಾವ" ಎಂದು ಅವನು ಯುಪಿಐ ಪಿನ್ ಒತ್ತಲು ಹೊರಟಿದ್ದ. ಪಿನ್ ಕೇಳುವ ಪರದೆಯ ಮೇಲ್ಭಾಗವನ್ನು ಓದಿದರೆ ಅದು ಒಂದು ರೂಪಾಯಿಯ ಪಾವತಿಯೇ ಆಗಿರಲಿಲ್ಲ. ತಿಂಗಳಿಗೊಮ್ಮೆ, ಗರಿಷ್ಠ 1,999 ರೂಪಾಯಿವರೆಗೆ ತೆಗೆದುಕೊಳ್ಳಲು ಒಪ್ಪಿಗೆ ಕೊಡುವ ಆಟೋಪೇ ಆಗಿತ್ತು. ಹಾಗೆ ಒಮ್ಮೆ ಒಪ್ಪಿದರೆ ಆ ಮಿತಿಯೊಳಗಿನ ಮುಂದಿನ ಕಂತುಗಳಿಗೆ ಮತ್ತೆ ಪಿನ್ ಕೇಳುವುದಿಲ್ಲ. ಆ ತಾಣದಲ್ಲಿ ಹುಡುಕಿ ನೋಡಿದೆವು: ಯಾರ ಹೆಸರೂ ಇಲ್ಲ, ಊರೂ ಇಲ್ಲ. ಅವನು ಪಿನ್ ಒತ್ತಿಬಿಟ್ಟಿದ್ದರೆ ಯುಪಿಐ ಆ್ಯಪ್‌ನಲ್ಲೇ ಆ ಒಪ್ಪಿಗೆಯನ್ನು ರದ್ದು ಮಾಡಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದೊಂದೇ ದಾರಿಯಾಗಿತ್ತು. ಅಂದಹಾಗೆ, ಚಿತ್ರಗಳನ್ನು ಕದ್ದು ಚಿತ್ರೀಕರಿಸಿ ಹರಿಬಿಡುವವರಿಗೆ 2023ರ ತಿದ್ದುಪಡಿಯ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡವಿದೆ. ವಿಳಾಸ ಬರೆದಿಡಲು ಅವರಿಗೆ ಧೈರ್ಯ ಬರುವುದಾದರೂ ಹೇಗೆ?

ಇನ್ನು ನನ್ನ ದೂರು. ಮೊದಲ ವರ್ಷದ ಕೊನೆಗೆ ಚಂದಾ ಬೇಡವೆನಿಸಿ ತಾಣದಲ್ಲೇ ರದ್ದು ಮಾಡಿದೆ. 'ರದ್ದಾಗಿದೆ' ಎಂಬ ಹಸಿರು ಪಟ್ಟಿಯೂ ಕಾಣಿಸಿತು. ಆದರೆ ನವೀಕರಣದ ಹಿಂದಿನ ದಿನ, ನಾಳೆ 599 ರೂಪಾಯಿ ಕಡಿತವಾಗುತ್ತದೆ ಎಂಬ ಸಂದೇಶ ಬಂತು. ಯುಪಿಐ ಆ್ಯಪ್ ತೆರೆದು ನೋಡಿದರೆ ಒಪ್ಪಿಗೆ ಇನ್ನೂ ಜೀವಂತವಾಗಿತ್ತು. ಅದನ್ನು ಅಲ್ಲೇ ರದ್ದು ಮಾಡಿ, ಕುಂದುಕೊರತೆ ಅಧಿಕಾರಿಗೆ ಕನ್ನಡದಲ್ಲಿ ಪತ್ರ ಬರೆದೆ. ನಿಯಮದಲ್ಲಿರುವ ಗಡುವು 15 ದಿನ. ಉತ್ತರ ಬಂದದ್ದು ಹನ್ನೊಂದನೆಯ ದಿನ, ಅದೂ ಇಂಗ್ಲಿಷಿನಲ್ಲಿ. ತಪ್ಪು ಒಪ್ಪಿಕೊಂಡಿದ್ದರು, ಕೆಳಗೆ ಸಹಿ ಇತ್ತು. ಈ ತಾಣ ಅಸಲಿ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಸೇರಿದ ದಿನವಲ್ಲ, ಬಿಟ್ಟು ಹೊರಟು ಜಗಳವಾಡಿದ ಆ ಹನ್ನೊಂದು ದಿನಗಳಲ್ಲಿ. ಅವರದು ಅಜಾಗರೂಕತೆ, ಮೋಸವಲ್ಲ.

ಆದ್ದರಿಂದಲೇ ಮತ್ತೆ ಚಂದಾ ಕಟ್ಟಿದೆ, ಈ ಸಲ ಆಟೋಪೇ ಇಲ್ಲದೆ. ಚಿತ್ರಗಳ ಗುಣಮಟ್ಟ ಪರವಾಗಿಲ್ಲ. ಕಪ್ಪು-ಬಿಳುಪಿನ ಕೆಲವು ಚಿತ್ರಗಳಲ್ಲಿ ಮಾತು ತುಟಿಗಿಂತ ಅರೆಕ್ಷಣ ಹಿಂದೆ ಬೀಳುತ್ತದೆ. ಕನ್ನಡ ಚಿತ್ರಗಳಿಗೆಂದೇ ಇರುವ ಈ ತಾಣದ ಹುಡುಕು ಪೆಟ್ಟಿಗೆಯಲ್ಲಿ ಚಿತ್ರದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೆ ಇವತ್ತಿಗೂ ಏನೂ ಸಿಗುವುದಿಲ್ಲ.