‘ಫಾರ್ಮ್ಯಾಟ್ ಮಾಡ್ತೀವ್ರಿ’ ಅಂದ ಕೂಡಲೇ ಹೂಂ ಅನ್ನಬೇಡಿ

ಧಾರವಾಡದಲ್ಲಿರುವ ನಮ್ಮ ಅಪ್ಪನ ಕಂಪ್ಯೂಟರಿನಲ್ಲಿ ನಲವತ್ತು ರೂಪಾಯಿಯ ಒಂದು ಬ್ಯಾಟರಿ ಹೋಗಿತ್ತು. ಅಷ್ಟೇ. ಅದಕ್ಕೆ ಅಂಗಡಿಯವರು ಇಡೀ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ, ಕೊಟ್ಟರು. ಆ ಡಿಸ್ಕಿನಲ್ಲಿ ನಮ್ಮ ಆಯಿಯ ದನಿ ಇತ್ತು. ಆಯಿ ಅಂದರೆ ಅಪ್ಪನ ಅವ್ವ. ತೀರಿಕೊಂಡು ಏಳು ವರ್ಷದ ಮೇಲಾಯಿತು. ಬದುಕಿದ್ದಾಗ ನವಲಗುಂದದ ಕಡೆಯ ನಮ್ಮ ಹಳ್ಳಿ ಮನೆಯಲ್ಲಿ ಕೂತು ಬೀಸುವ ಪದ, ಸೋಬಾನ ಪದ ಹಾಡಿದ್ದಳು. ಅಪ್ಪ ಫೋನಿನಲ್ಲಿ ಒಂಬತ್ತು ಪದ ಹಿಡಿದಿಟ್ಟಿದ್ದರು. ಆ ಫೋನು ಯಾವತ್ತೋ ಕೆಟ್ಟು ಹೋಯಿತು. ಪದಗಳು ಉಳಿದಿದ್ದು ಈ ಕಂಪ್ಯೂಟರಿನಲ್ಲಿ ಮಾತ್ರ.

ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಂದು ಹಳೇ ಕಂಪ್ಯೂಟರ್ ಇದ್ದರೆ, ಅದನ್ನು ಮನೆಯ ಹಿರಿಯರು ಬಳಸುತ್ತಿದ್ದರೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿದ್ದವರು. 2013ರಲ್ಲಿ ಈ ಕಂಪ್ಯೂಟರ್ ಕೊಂಡರು. ನಿವೃತ್ತಿ ಆದಮೇಲೆ ದಿನಾ ಬೆಳಗ್ಗೆ ಎರಡು ತಾಸು ಕೂತು ನಮ್ಮ ಊರಿನ ವಿಷಯ ಟೈಪ್ ಮಾಡುತ್ತಿದ್ದರು. ಹೊಲಗಳ ಹೆಸರು, ಹಳೇ ಅಳತೆಗಳು, ಗಾದೆಗಳು, ಯಾರ ಮನೆತನ ಎಲ್ಲಿಂದ ಬಂತು, ಹೀಗೆ. ಎಲ್ಲಾ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ. ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತಿಡುತ್ತಿದ್ದರು. ನಮ್ಮ ಕಡೆ ಮೇ ತಿಂಗಳ ಗುಡುಗು ಸಿಡಿಲು ಗೊತ್ತಲ್ವಾ, ಅದಕ್ಕೆ. ಒಳ್ಳೆಯ ಅಭ್ಯಾಸವೇ.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ತೊಂದರೆ ಶುರುವಾಯಿತು. ಬೆಳಗ್ಗೆ ಚಾಲೂ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ನಾಲ್ಕು ಸಾಲು ಬಿಳಿ ಅಕ್ಷರ. ಎಫ್2 ಒತ್ತಿದರೆ ಮುಂದೆ ಹೋಗುತ್ತಿತ್ತು. ಅಪ್ಪ ದಿನಾ ಎಫ್2 ಒತ್ತಿಕೊಂಡು ಕೆಲಸ ನಡೆಸಿದರು. ಆಮೇಲೆ ಒಂದೊಂದೇ ವೆಬ್‌ಸೈಟು ತೆರೆಯುವುದು ನಿಂತಿತು. ಬ್ಯಾಂಕಿನದು ಬರಲಿಲ್ಲ, ಮೇಲ್ ಬರಲಿಲ್ಲ. ‘ಈ ಸಂಪರ್ಕ ಸುರಕ್ಷಿತವಲ್ಲ’ ಅನ್ನುವ ಅರ್ಥದ ಕೆಂಪು ಗುರುತಿನ ಪುಟ ಬರುತ್ತಿತ್ತು. ಅದನ್ನು ನೋಡಿ ಅಪ್ಪ ಹೆದರಿದರು. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ಇಪ್ಪತ್ತು ಕಿಲೋಮೀಟರ್ ದೂರ, ಚಿಗರಿ ಬಸ್ ಹತ್ತಿದರೆ ಮನೆ. ಆದರೂ ‘ಶನಿವಾರ ಬರ್ತೀನಿ ತಡಿರಿ ಅಪ್ಪಾ’ ಅಂತ ಎರಡು ಶನಿವಾರ ದಾಟಿಸಿದೆ. ಅಪ್ಪ ಕಾಯಲಿಲ್ಲ. ಸಿಪಿಯು ಡಬ್ಬಿಯನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ರಿಪೇರಿ ಅಂಗಡಿಗೆ ಹೋದರು.

ಅಂಗಡಿಯ ಹೆಸರು ಬರೆಯುವುದಿಲ್ಲ. ಬೇರೆ ಅಂಗಡಿಗೆ ಹೋಗಿದ್ದರೂ ಹೀಗೇ ಆಗುತ್ತಿತ್ತೇನೋ. ಅಲ್ಲಿದ್ದ ಹುಡುಗ ಚಾಲೂ ಮಾಡಿ ಎರಡು ನಿಮಿಷ ನೋಡಿದನಂತೆ.

‘ವೈರಸ್ ತುಂಬ್ಯಾವ್ರಿ ಸರ್. ಫಾರ್ಮ್ಯಾಟ್ ಮಾಡ್ಬೇಕಾಗ್ತೈತಿ.’

‘ನನ್ನ ಫೈಲು ಏನಾಕ್ಕಾವಪಾ?’

‘ಡಿ ಡ್ರೈವ್‌ನ್ಯಾಗ ಅದಾವಲ್ರಿ? ಡಿ ಮುಟ್ಟಂಗಿಲ್ರಿ ನಾವು.’

ಅಪ್ಪ ಹೂಂ ಅಂದರು. ಮರುದಿನ ಸಾವಿರದ ಇನ್ನೂರು ರೂಪಾಯಿ ಕೊಟ್ಟು ತಂದರು. ಚೀಟಿಯಲ್ಲಿ ‘ಸರ್ವಿಸ್’ ಅಂತ ಒಂದೇ ಪದ. ಮನೆಗೆ ಬಂದು ನೋಡಿದರೆ ಡಿ ಡ್ರೈವೇ ಇಲ್ಲ. ಒಂದೇ ದೊಡ್ಡ ಸಿ ಡ್ರೈವ್. ಅದರೊಳಗೆ ಯಾರೂ ಕೇಳದ ಸಿನಿಮಾಗಳು, ಹಾಡುಗಳು. ಅಂಗಡಿಯವರು ‘ಫ್ರೀ’ಯಾಗಿ ಹಾಕಿಕೊಟ್ಟದ್ದಂತೆ.

ಅಪ್ಪ ನನಗೆ ಕೂಡಲೇ ಫೋನ್ ಮಾಡಲಿಲ್ಲ. ಎಲ್ಲೋ ಇರಬೇಕು, ತಮಗೇ ಹುಡುಕಲು ಬರುತ್ತಿಲ್ಲ ಅಂದುಕೊಂಡು ಹತ್ತು ಹನ್ನೆರಡು ದಿನ ಅದೇ ಕಂಪ್ಯೂಟರಿನಲ್ಲಿ ಹುಡುಕಿದ್ದಾರೆ. ಅಷ್ಟರಲ್ಲಿ ಒಂದು ಬೆಳಗ್ಗೆ ಮತ್ತೆ ಅದೇ ಕಪ್ಪು ಪರದೆ ಬಂತು. ಅದೇ ನಾಲ್ಕು ಸಾಲು. ಆಗ ಫೋನ್ ಮಾಡಿದರು.

ಆ ರಾತ್ರಿಯೇ ಹೋದೆ. ಪರದೆಯನ್ನು ಸರಿಯಾಗಿ ಓದಿದೆ. ‘ಸಿಮಾಸ್ ಡೇಟ್/ಟೈಮ್ ನಾಟ್ ಸೆಟ್’ ಅಂತ ಬರೆದಿತ್ತು, ಅಂದರೆ ಕಂಪ್ಯೂಟರಿನ ಒಳಗಡಿಯಾರದಲ್ಲಿ ತಾರೀಖು, ಸಮಯ ಸರಿಯಿಲ್ಲ ಅಂತ. ಒಳಗೆ ಹೋಗಿ ನೋಡಿದರೆ ಗಡಿಯಾರ 2012ರ ಜನವರಿ 1 ತೋರಿಸುತ್ತಿತ್ತು. ಏನಾಗಿದೆ ಅಂತ ಕಂಪ್ಯೂಟರ್ ತಾನೇ ದಿನಾ ಬೆಳಗ್ಗೆ ಹೇಳುತ್ತಿತ್ತು. ಅಪ್ಪನೂ ಓದಿರಲಿಲ್ಲ, ಅಂಗಡಿಯ ಹುಡುಗನೂ ಓದಲಿಲ್ಲ, ಎರಡು ಶನಿವಾರ ತಪ್ಪಿಸಿದ ನಾನೂ ಓದಲಿಲ್ಲ.

ವಿಷಯ ಇಷ್ಟು. ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದರ ಮೇಲೆ ಸಿಆರ್2032 ಅಂತ ಬರೆದಿರುತ್ತದೆ. ಮೂರು ವೋಲ್ಟ್, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೆಸರಿನಲ್ಲೇ ಅಳತೆ ಇದೆ. ಪ್ಲಗ್ ಕಿತ್ತಾಗಲೂ ಒಳಗಿನ ಗಡಿಯಾರ ನಡೆಯುವುದು ಈ ಬ್ಯಾಟರಿಯಿಂದ. ಕೆಲವು ವರ್ಷಕ್ಕೆ ಅದು ಬಸವಳಿಯುತ್ತದೆ. ಆಗ ಪ್ಲಗ್ ಕಿತ್ತ ಮೇಲೆ ಗಡಿಯಾರ ಯಾವುದೋ ಹಳೇ ತಾರೀಖಿಗೆ ಹೋಗಿ ನಿಲ್ಲುತ್ತದೆ.

ವೆಬ್‌ಸೈಟು ತೆರೆಯದಿರುವುದಕ್ಕೂ ಇದೇ ಕಾರಣ. ಬ್ಯಾಂಕಿನಂಥ ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಬರೆದಿರುತ್ತದೆ. ಕಂಪ್ಯೂಟರ್ ಇದು 2012 ಅಂದುಕೊಂಡಿದ್ದರೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ ಅಂತ ಅದರ ಲೆಕ್ಕ. ಅದಕ್ಕೆ ಬಾಗಿಲು ತೆರೆಯುವುದಿಲ್ಲ. ವೈರಸ್ಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ನೂರು ಸಲ ಫಾರ್ಮ್ಯಾಟ್ ಮಾಡಿದರೂ ಇದು ಸರಿಹೋಗುತ್ತಿರಲಿಲ್ಲ. ಮರುದಿನ ವಾಚ್ ರಿಪೇರಿ ಅಂಗಡಿಯಲ್ಲಿ ನಲವತ್ತು ರೂಪಾಯಿ ಕೊಟ್ಟು ಬ್ಯಾಟರಿ ತಂದೆ. ಪ್ಲಗ್ ಕಿತ್ತು, ಡಬ್ಬಿಯ ಬದಿಯ ತಗಡು ತೆಗೆದು, ಪಕ್ಕದ ಸಣ್ಣ ಕೊಂಡಿ ಒತ್ತಿದರೆ ಹಳೇ ಬ್ಯಾಟರಿ ಎದ್ದು ಬಂತು. ಹೊಸದನ್ನು ‘ಪ್ಲಸ್’ ಗುರುತು ಮೇಲೆ ಬರುವಂತೆ ಕೂರಿಸಿ ತಾರೀಖು ಸರಿ ಮಾಡಿದೆ. ಹತ್ತು ನಿಮಿಷದ ಕೆಲಸ. ಎಲ್ಲಾ ವೆಬ್‌ಸೈಟು ತೆರೆದವು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಒಂದು ಮಾತೂ ಆಡಲಿಲ್ಲ.

ಇನ್ನು ಡಿ ಡ್ರೈವಿನ ವಿಷಯ. ‘ಡಿ ಒಳಗ ಇಟ್ರ ಏನೂ ಆಗಂಗಿಲ್ಲ’ ಅನ್ನುವ ನಂಬಿಕೆ ನಮ್ಮಲ್ಲಿ ತುಂಬಾ ಜನರಿಗಿದೆ. ನಾನೇ ಅಪ್ಪನಿಗೆ ಹಾಗೆ ಹೇಳಿಕೊಟ್ಟಿದ್ದೆ. ಬಹಳಷ್ಟು ಮನೆಗಳ ಕಂಪ್ಯೂಟರಿನಲ್ಲಿ ಇರುವುದು ಒಂದೇ ಡಿಸ್ಕ್. ಸಿ, ಡಿ ಅನ್ನುವುದು ಒಂದೇ ಹೊಲದ ನಡುವೆ ಬದು ಹಾಕಿದ ಹಾಗೆ. ವಿಂಡೋಸ್ ಹಾಕುವಾಗ ಯಾರಾದರೂ ಆ ಬದು ಕಿತ್ತರೆ ಎರಡೂ ಒಂದೇ ಹೊಲ. ಡಿಸ್ಕೇ ಕೆಟ್ಟರಂತೂ ಸಿ ಜೊತೆ ಡಿ ಕೂಡ ಹೋಗುತ್ತದೆ. ಅಂಗಡಿಗೆ ಹೋಗಿ ಕೇಳಿದಾಗ ಆ ಹುಡುಗ, ‘ಅವತ್ತು ಆರು ಮಶೀನ್ ಇದ್ವುರಿ, ಯಾವ್ದು ಯಾವ್ದ್ರಾಗ ಬೆರ್ಕಿ ಆತೋ’ ಅಂದ. ಅವನ ಮುಖ ಬಾಡಿತ್ತು. ಅವನು ಕಳ್ಳ ಅಲ್ಲ. ಆದರೆ ಏನು ಬಂದರೂ ಫಾರ್ಮ್ಯಾಟ್ ಅನ್ನುವುದು ಅವನಿಗೆ ರೂಢಿಯಾಗಿ ಹೋಗಿದೆ. ಯಾಕೆ ಕೆಟ್ಟಿದೆ ಅಂತ ಹುಡುಕುವುದಕ್ಕೆ ಹೊತ್ತು ಬೇಕು, ಫಾರ್ಮ್ಯಾಟಿಗೆ ತಲೆ ಬೇಡ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಫೈಲುಗಳನ್ನು ವಾಪಸ್ ತರುವ ಪ್ರಯತ್ನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ನಿಮಗೆ ಎಂದಾದರೂ ಬೇಕಾಗಬಹುದು. ವಿಂಡೋಸ್ ಹಾಕುವಾಗ ಮಾಡುವ ಫಾರ್ಮ್ಯಾಟ್ ಬೇಗ ಮುಗಿಯುವಂಥದ್ದು. ಅದು ಶಾಲೆಯ ಹಾಜರಿ ಪುಸ್ತಕ ಹರಿದ ಹಾಗೆ. ಪುಸ್ತಕ ಹೋದರೂ ಮಕ್ಕಳು ತರಗತಿಯಲ್ಲೇ ಕೂತಿರುತ್ತಾರೆ. ಹೊಸ ಮಕ್ಕಳು ಬಂದು ಅದೇ ಜಾಗದಲ್ಲಿ ಕೂತಾಗ ಹಳಬರು ನಿಜವಾಗಿ ಹೋಗುತ್ತಾರೆ. ಹೊಸ ವಿಂಡೋಸ್, ಆ ಬೇಡದ ಸಿನಿಮಾಗಳು, ಅಪ್ಪ ಹುಡುಕುತ್ತಾ ಕೂತ ಹನ್ನೆರಡು ದಿನ, ಎಲ್ಲಾ ಸೇರಿ ಎಷ್ಟೋ ಜಾಗ ತುಂಬಿಬಿಟ್ಟಿದ್ದವು. ಹಾಗಾಗಿ ಫೈಲು ಅಳಿಸಿಹೋಗಿದೆ ಅಂತ ಗೊತ್ತಾದ ಕ್ಷಣವೇ ಕಂಪ್ಯೂಟರ್ ಬಂದ್ ಮಾಡಿ. ಮತ್ತೆ ಚಾಲೂ ಮಾಡಲೇಬೇಡಿ. ಅಳಿಸಿದ ಫೈಲು ಹುಡುಕಿಕೊಡುವ ರಿಕವರಿ ಸಾಫ್ಟ್‌ವೇರನ್ನು ಅದೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದೂ ತಪ್ಪು. ಅದೂ ಒಂದು ಜಾಗ ತಿನ್ನುತ್ತದೆ.

ನಾನು ಡಿಸ್ಕ್ ಬಿಚ್ಚಿ ಹುಬ್ಬಳ್ಳಿಗೆ ತಂದೆ. ಕಾಲೇಜು ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಅದನ್ನು ಕೇಬಲ್ ಮೂಲಕ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ‘ಫೋಟೋರೆಕ್’ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿದ. ಸಿಕ್ಕಿದ್ದನ್ನೆಲ್ಲಾ ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡೆವು. ರಾತ್ರಿಯಿಡೀ ಓಡಿತು. ನಮ್ಮದು ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರಿಂದ ಅಷ್ಟಾದರೂ ಸಿಕ್ಕಿತು. ತಿರುಗುವ ಭಾಗವೇ ಇಲ್ಲದ ಈಗಿನ ಎಸ್‌ಎಸ್‌ಡಿ ಡಿಸ್ಕಿನಲ್ಲಿ ಅಳಿಸಿದ ಜಾಗವನ್ನು ಡಿಸ್ಕ್ ತಾನೇ ಬೇಗ ತೊಳೆದುಬಿಡುತ್ತದೆ. ಅದರಿಂದ ವಾಪಸ್ ತರುವುದು ಹೆಚ್ಚುಕಡಿಮೆ ಆಗದ ಮಾತು.

ಸಾವಿರಾರು ಫೈಲು ಬಂದವು. ಆದರೆ ಒಂದಕ್ಕೂ ಸರಿಯಾದ ಹೆಸರಿಲ್ಲ, ಫೋಲ್ಡರಿಲ್ಲ. ಬರೀ ನಂಬರು. ಅಪ್ಪನ ಬರಹಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ಚುಕ್ಕೆ, ಗೀಟು, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎದೆ ಧಸಕ್ ಅಂತು. ಆಮೇಲೆ ಹೊಳೆಯಿತು, ಅಪ್ಪ ಬಳಸಿದ್ದು ಹಳೇ ನುಡಿ ಫಾಂಟು, ಅದು ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಫಾಂಟ್ ಹಾಕಿದ ಕೂಡಲೇ ಅಕ್ಷರಗಳು ಕನ್ನಡವಾದವು. ಆದರೆ ಇನ್ನೊಂದು ತೊಡಕು. ಆ ಹಳೇ ಬಗೆಯ ಟೈಪಿಂಗು ಯೂನಿಕೋಡ್ ಅಲ್ಲ, ಅಂದರೆ ಈಗ ಎಲ್ಲಾ ಕಂಪ್ಯೂಟರ್, ಫೋನುಗಳಲ್ಲಿ ನಡೆಯುವ ಅಕ್ಷರ ಪದ್ಧತಿಯದಲ್ಲ. ‘ನವಲಗುಂದ’ ಅಂತ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಆ ಪದ ಇರುವ ಫೈಲು ಸಿಗುವುದೇ ಇಲ್ಲ. ಒಂದೊಂದನ್ನೇ ತೆರೆದು ಓದಬೇಕು. ನಿಮ್ಮ ಮನೆಯ ಹಿರಿಯರು ಹೀಗೆ ‘ನುಡಿ’ಯಲ್ಲೋ ‘ಬರಹ’ ಅನ್ನುವ ಅಂಥದೇ ಸಾಫ್ಟ್‌ವೇರಿನಲ್ಲೋ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಈಗಲೇ ಯೂನಿಕೋಡಿಗೆ ಬದಲಿಸಿಕೊಡಿ. ಅದಕ್ಕೆ ಪರಿವರ್ತಕಗಳು ಇವೆ.

ಫೋಟೋಗಳು ಮುಕ್ಕಾಲು ಪಾಲು ಸಿಕ್ಕಿವೆ. ಆಯಿಯ ಒಂಬತ್ತು ಪದಗಳಲ್ಲಿ ಎರಡು ಪೂರ್ತಿ ಕೇಳುತ್ತವೆ. ಮೂರನೆಯದು ನಡುವೆಯೇ ನಿಲ್ಲುತ್ತದೆ. ಉಳಿದವು ತೆರೆಯುವುದಿಲ್ಲ.

ಈಗ ನಿಮಗೆ ಹೇಳಬೇಕಾದದ್ದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಹಾಗಾಗಿ ‘ವಿಂಡೋಸ್ 11 ಹಾಕಿಸ್ರಿ’ ಅಂತ ಹಳೇ ಕಂಪ್ಯೂಟರುಗಳು ಅಂಗಡಿಗೆ ಹೋಗುವುದು ಜಾಸ್ತಿ ಆಗುತ್ತದೆ. ಹಾಗೆ ಹೋದ ಎಷ್ಟೋ ಕಂಪ್ಯೂಟರುಗಳಿಗೆ ಫಾರ್ಮ್ಯಾಟೇ ಗತಿ. ನಿಮ್ಮದು ಹೋಗುವ ಮೊದಲು ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಂಡು ಎಲ್ಲಾ ನಕಲು ಮಾಡಿಕೊಳ್ಳಿ. ಡೆಸ್ಕ್‌ಟಾಪ್ ಮೇಲೆ ಇಟ್ಟ ಫೈಲುಗಳು ಸಿ ಡ್ರೈವಿನಲ್ಲೇ ಇರುತ್ತವೆ, ಅವನ್ನು ಮರೆಯುವವರೇ ಹೆಚ್ಚು. ನಕಲು ಆದಮೇಲೆ ನಾಲ್ಕಾರು ಫೈಲು ತೆರೆದು ನೋಡಿ. ಆಮೇಲೆ ಆ ಹೊರಗಿನ ಡಿಸ್ಕ್ ಕಿತ್ತು ಕಪಾಟಿನಲ್ಲಿಡಿ. ಸದಾ ಜೋಡಿಸಿಟ್ಟರೆ ಸಿಡಿಲಿಗೋ ವೈರಸ್ಸಿಗೋ ಎರಡೂ ಒಟ್ಟಿಗೆ ಹೋಗಬಹುದು. ಬಹಳ ಮುಖ್ಯವಾದವುಗಳ ಇನ್ನೊಂದು ನಕಲು ಬೇರೆ ಮನೆಯಲ್ಲಿರಲಿ. ಅಪ್ಪನ ಫೈಲುಗಳ ಒಂದು ನಕಲು ಈಗ ಗದಗಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿದೆ.

ಅಂಗಡಿಯಲ್ಲಿ ‘ವೈರಸ್’ ಅಂದರೆ ಯಾವ ವೈರಸ್, ತೋರಿಸಿ ಅನ್ನಿ. ತಾರೀಖು ಸರಿ ಇದೆಯಾ ನೋಡಿ ಅನ್ನಿ. ಇದನ್ನು ಕೇಳಲು ಸಂಕೋಚ ಬೇಡ. ‘ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಅಂತ ಒಂದು ಹಾಳೆಯಲ್ಲಿ ಬರೆದು, ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ, ಡಬ್ಬಿಗೇ ಅಂಟಿಸಿಬಿಡಿ. ಆರು ಮಶೀನ್ ಸಾಲಾಗಿ ಇಟ್ಟ ಮೇಜಿನ ಮೇಲೆ ಬಾಯಿಮಾತು ಉಳಿಯುವುದಿಲ್ಲ. ಆಗುವುದಾದರೆ ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ. ಪರದೆ, ಕರೆಂಟು, ಫ್ಯಾನಿನ ತೊಂದರೆ ನೋಡಲು ಅದು ಬೇಕಾಗುವುದಿಲ್ಲ.

ಇನ್ನೊಂದು. ಅಂಗಡಿಯವರು ಹಾಕಿದ ವಿಂಡೋಸ್ ನಕಲಿಯದಾಗಿತ್ತು. ಅದನ್ನು ನಡೆಸಲು ಡಿಫೆಂಡರ್ ಅನ್ನೇ ಆರಿಸಿಟ್ಟಿದ್ದರು. ವೈರಸ್ ಅಂತ ಹೇಳಿ ದುಡ್ಡು ತೆಗೆದುಕೊಂಡು, ವೈರಸ್ ತಡೆಯುವ ಕಾವಲನ್ನೇ ತೆಗೆದು ಕಳಿಸಿದ್ದರು. ಈ ಕಂಪ್ಯೂಟರಿನಲ್ಲಿ ಅಪ್ಪ ಬ್ಯಾಂಕಿನ ಕೆಲಸ ಮಾಡುತ್ತಿದ್ದರು. ರಿಪೇರಿಯಿಂದ ಬಂದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆದು ಎಲ್ಲಾ ಚಾಲೂ ಇದೆಯಾ ನೋಡಿಕೊಳ್ಳಿ.

ಅಪ್ಪ ಈಗ ದಿನಾ ಬೆಳಗ್ಗೆ ಹೊಸದೇನೂ ಬರೆಯುವುದಿಲ್ಲ. ನಂಬರಿನ ಫೈಲು ಒಂದೊಂದನ್ನೇ ತೆರೆದು, ಓದಿ, ಏನಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದುಕೊಂಡು, ಆಮೇಲೆ ಹೆಸರು ಕೊಡುತ್ತಾರೆ. ಮುನ್ನೂರು ದಾಟಿದೆ, ಇನ್ನೂ ಬಹಳ ಇವೆ. ಶನಿವಾರ ನಾನು ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಆಯಿಯ ಇನ್ನೊಂದು ಪದ ಸಿಕ್ಕರೂ ಸಿಗಬಹುದು ಅಂತ ಅಪ್ಪ ಪ್ರತಿ ಧ್ವನಿ ಫೈಲನ್ನೂ ಕೊನೆಯವರೆಗೆ ಕೇಳುತ್ತಾರೆ.