ಟ್ಯಾರೋ ಕೊಳ್ಳೋದಾದರೆ ಮೊದಲು ಪೋಪನ ಪಾದ ನೋಡಿ

ಮೈಸೂರಿನ ಹರಳು, ಅಗರಬತ್ತಿ ಅಂಗಡಿಗಳಲ್ಲಿ ಈಗ ಟ್ಯಾರೋ (ಭವಿಷ್ಯ ನೋಡೋಕೆ ಬಳಸುವ ಚಿತ್ರದ ಇಸ್ಪೀಟೆಲೆ) ಪೆಟ್ಟಿಗೆಗೂ ಜಾಗ ಸಿಕ್ಕಿದೆ. ಹೆಚ್ಚಾಗಿ ಬರೋದು ರೈಡರ್-ವೇಟ್ ಮಾದರಿ, 78 ಎಲೆ. ಅಂಗೈಯಲ್ಲಿ ಅಡಗುವ ಜೇಬಿನ ಪ್ರತಿ ಅಗ್ಗ, ಆದರೆ ದುಡ್ಡು ದಂಡ. ಸುಮಾರು 7×12 ಸೆಂ.ಮೀ.ನ ದೊಡ್ಡದನ್ನೇ ತಗೊಳ್ಳಿ. ಈ ಚಿತ್ರಗಳ ಜೀವ ಇರೋದು ಸಣ್ಣಪುಟ್ಟ ಗುರುತುಗಳಲ್ಲಿ, ಅವುಗಳಲ್ಲಿ ಎಷ್ಟೋ ಬಂದಿರೋದು ಕಥೋಲಿಕ ಚರ್ಚಿನಿಂದ.

ಅಂಗಡಿಯವರು ಈಜಿಪ್ಟಿನ ಗುಪ್ತವಿದ್ಯೆ ಅಂದರೆ ಹೂಂ ಅನ್ನಿ, ನಂಬಬೇಡಿ. ಅದು 1781ರಲ್ಲಿ ಪ್ಯಾರಿಸ್ಸಿನಲ್ಲಿ ಹಬ್ಬಿದ ಕಥೆ. ಮೂಲದಲ್ಲಿ ಇದು 15ನೇ ಶತಮಾನದ ಇಟಲಿಯ ಎಲೆಯಾಟ, ನಮ್ಮ ಗಂಜೀಫಾ ಇದ್ದ ಹಾಗೆ. ಅದನ್ನು ಮಂತ್ರವಿದ್ಯೆಯ ನಡುಮನೆಗೆ ತಂದ ಫ್ರಾನ್ಸಿನ ಎಲಿಫಾಸ್ ಲೇವಿ ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಓದಿ, ಪಾದ್ರಿಯಾಗುವ ಮುನ್ನವೇ ಹೊರಬಂದವನು. 1909ರ ಈ ಮಾದರಿ ರೂಪಿಸಿದ ವೇಟ್ ಕಥೋಲಿಕನಾಗಿ ಬೆಳೆದವನು. ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ 1911ರಲ್ಲಿ ಕಥೋಲಿಕಳಾದಳು.

ದುಡ್ಡು ಕೊಡುವ ಮೊದಲು ಮಾದರಿ ಪ್ರತಿ ಬಿಚ್ಚಿಸಿ ನೋಡಿ. 5ನೇ ಎಲೆ ಹೈರೋಫ್ಯಾಂಟ್, ಹಳೆಯ ಹೆಸರು ಪೋಪ್. ತಲೆಗೆ ಮೂರಂತಸ್ತಿನ ಕಿರೀಟ, ಪಾದದ ಬಳಿ ಅಡ್ಡಡ್ಡ ಇಟ್ಟ ಎರಡು ಬೀಗದಕೈ: ಮೊದಲ ಪೋಪ್ ಅಂತ ಕಥೋಲಿಕರು ನಂಬುವ ಸಂತ ಪೇತ್ರನವು. ಶಾಯಿ ಹರಡಿದ ನಕಲಿನಲ್ಲಿ ಅವು ಮುದ್ದೆಯಾಗಿರುತ್ತವೆ. ಇಸ್ಪೀಟಿನ ಹಾಗೆ ಇದರಲ್ಲೂ ಬಟ್ಟಲು, ಕತ್ತಿ ಮುಂತಾದ ಪಂಗಡಗಳಿವೆ. ಬಟ್ಟಲಿನ ಎಕ್ಕದಲ್ಲಿ ಪಾರಿವಾಳದ ಕೊಕ್ಕಲ್ಲಿ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ದುಂಡನೆಯ ರೊಟ್ಟಿ, ಅದರ ಮೇಲೊಂದು ಶಿಲುಬೆ. ಗೆರೆ ಮಸುಕಾದರೆ ಬರೀ ಬಿಲ್ಲೆ. ಕತ್ತಿಯ ನಾಲ್ಕು ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಮೂಲೆಯ ಬಣ್ಣದ ಗಾಜಿನಲ್ಲಿ, ನಿಂತವರ ತಲೆಯ ಪ್ರಭಾವಳಿಯೊಳಗೆ ‘ಪಾಕ್ಸ್’ ಅಂತ ಲ್ಯಾಟಿನ್ ಅಕ್ಷರವಿದೆ, ಶಾಂತಿ ಅಂತ ಅರ್ಥ. ಬರಿಗಣ್ಣಿಗೆ ಅದು ಓದೋಕಾದರೆ ಮುದ್ರಣ ಚೆನ್ನಾಗಿದೆ.

ಕೈಪಿಡಿ ಇದೆಯೋ ಇಲ್ಲವೋ ಕೇಳಿ. ಅಗ್ಗದವುಗಳಲ್ಲಿ ಎಷ್ಟೋ ಸಲ ಕ್ಯೂಆರ್ ಕೋಡ್ ಮಾತ್ರ. ಇದ್ದರೂ ಅದು ‘21ನೇ ಎಲೆ, ಸಿದ್ಧಿ’ ಅಂದು ಮುಗಿಸುತ್ತೆ. ಆ ಎಲೆಯ ನಾಲ್ಕು ಮೂಲೆಯ ಮನುಷ್ಯ, ಸಿಂಹ, ಎತ್ತು, ಗರುಡ ಅಂದರೆ ಯೇಸುವಿನ ಕಥೆ ಬರೆದ ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಅಂತ ಹೇಳಲ್ಲ. ಈ ಭಾಗಕ್ಕೆ ಅರ್ಧ ಅಂಕ.

ಕೈಪಿಡಿಗಿಂತ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚು ವಾಸಿ. ಬಣ್ಣದ ಗಾಜು ಮೇಲಿದೆ, ಮಲಗಿದ ಸಂತಳ ಪ್ರತಿಮೆ ನೆಲಮಾಳಿಗೆಯಲ್ಲಿದೆ. ಕತ್ತಿಯ ನಾಲ್ಕರಲ್ಲಿ ಸಮಾಧಿಯ ಮೇಲೆ ಮಲಗಿದ ಯೋಧ ಯಾಕೆ ಹಾಗಿದ್ದಾನೆ ಅನ್ನೋದು ಅಲ್ಲಿ ತಿಳಿಯುತ್ತೆ.